ಕಾಣೆಯಾದ ಕಾಲ್ಗುಣ – ಕಂತು ಒಂಬತ್ತು: ನಾಲ್ಕು ನಿಂಬೆಹಣ್ಣು

ಶ್ಯಾಮನ ಮನೆಯ ಕರೆಗಂಟೆ ಒತ್ತುವ ಮೊದಲು ನನ್ನ ಗಂಡ ಸುರೇಶ ತಮ್ಮ ಜಾಕೆಟ್ಟಿನ ಜಿಪ್ಪನ್ನು ಸರ್ರನೆ ಕೆಳಗೆಳೆದರು. ಒಳಗಿಂದ ಪೊಟೊಮ್ಯಾಕ್ ಪೈಲಟ್ಸ್ ತಂಡದ ನೀಲಿ ಜರ್ಸಿ ಹೊರಬಂತು. ಮೇ ತಿಂಗಳ ಸೆಕೆಯಲ್ಲಿ ವರ್ಜೀನಿಯಾದ ನಮ್ಮ ಆಶ್‌ಬರ್ನ್‌ನಿಂದ ರಾಲಿಯವರೆಗೆ ಐದು ಗಂಟೆ ಆ ಜಾಕೆಟ್ ಹಾಕಿಕೊಂಡೇ ಬಂದಿದ್ದರು. ದಾರಿಯಲ್ಲಿ ಶತ್ರುಗಳ ಕಣ್ಣಿಗೆ ಬೀಳಬಾರದಂತೆ.

"ರೀ, ನಾವು ಬಂದಿರೋದು ನಿಮ್ಮಮ್ಮನ್ನ ಹುಡುಕೋಕೆ. ಮ್ಯಾಚ್ ಆಡೋಕಲ್ಲ," ಎಂದೆ.

"ಇವತ್ತು ಎರಡೂ ಒಂದೇ ರತ್ನಾ."

ಹಿಂದಿನ ಕಂತುಗಳನ್ನು ಓದದವರಿಗೆ ಒಂದೇ ಮಾತು: ನನ್ನ ಅತ್ತೆ ಮಹಾದೇವಕ್ಕ, ವಯಸ್ಸು ಎಪ್ಪತ್ತೆಂಟು, ಊರು ಗದಗ, ನಿನ್ನೆ ಬುಧವಾರ ಬೆಳಿಗ್ಗೆ ನಮ್ಮ ಮನೆಯಿಂದ ಕಾಣೆಯಾಗಿದ್ದಾರೆ, ಇವತ್ತು ಸಂಜೆ ಏಳಕ್ಕೆ ಇದೇ ರಾಲಿಯಲ್ಲಿ ಪೈಲಟ್ಸ್‌ಗೂ ರಾಲಿ ರೋವರ್ಸ್‌ಗೂ ಐಸ್ ಹಾಕಿಯ ಏಳನೆಯ ಆಟ, ಸೋತವರು ಮನೆಗೆ.

ಈ ಎರಡಕ್ಕೂ ಏನು ಸಂಬಂಧ ಎಂದು ಕೇಳುವ ಪುಣ್ಯಾತ್ಮರು ನಮ್ಮ ಮನೆಗೆ ಒಮ್ಮೆ ಬರಬೇಕು. ಫೆಬ್ರವರಿಯಲ್ಲಿ ಅತ್ತೆ ಊರಿಂದ ಬಂದು ಸೋಫಾದ ಎಡತುದಿಯಲ್ಲಿ ಕೂತು ಬಲಗಾಲನ್ನು ಸ್ಟೂಲಿನ ಮೇಲಿಟ್ಟ ದಿನ, ಸತತ ಒಂಬತ್ತು ಆಟ ಸೋತಿದ್ದ ಪೈಲಟ್ಸ್ ಗೆದ್ದಿತು. ಮುಂದಿನ ಆಟವನ್ನೂ ಗೆದ್ದಿತು. ಅಲ್ಲಿಗೆ ಅತ್ತೆಯ ಕಾಲ್ಗುಣ ಊರೆಲ್ಲ ಪ್ರಸಿದ್ಧವಾಯಿತು. ಆಟದ ದಿನ ಹದಿನೆಂಟು ಜನ ಕನ್ನಡದ ಇಂಜಿನಿಯರುಗಳು ಬಂದು ಅವರ ಕಾಲಿಗೆ ನಮಸ್ಕಾರ ಮಾಡಿ ಕಾರ್ಪೆಟ್ಟಿನ ಮೇಲೆ ಕೂರುತ್ತಾರೆ. ಅವರಲ್ಲೊಬ್ಬ, ಡೇಟಾ ಸೈಂಟಿಸ್ಟ್ ಅಭಿನವ, ಅತ್ತೆಯ ಬಲಗಾಲು ಸ್ಟೂಲಿನ ಮೇಲಿದ್ದ ನಿಮಿಷಗಳಿಗೂ ಬಿದ್ದ ಗೋಲುಗಳಿಗೂ ಗ್ರಾಫ್ ಹಾಕಿದ್ದಾನೆ. ಆಟದ ನಡುವೆ ಅತ್ತೆ ಬಾತ್‌ರೂಮಿಗೆ ಹೋಗಬೇಕೆಂದರೆ ಹದಿನೆಂಟು ಜನರ ಅಪ್ಪಣೆ ಬೇಕು.

ಆ ಹದಿನೆಂಟು ಜನಕ್ಕೂ ಬಜ್ಜಿ ಕರಿಯುವವಳು ನಾನು. ಹಾಗಾಗಿ ಅತ್ತೆ ಕಾಣೆಯಾದಾಗ ಎಲ್ಲರೂ ಮೊದಲು ತಿರುಗಿ ನೋಡಿದ್ದು ನನ್ನ ಮುಖವನ್ನು.

ಅತ್ತೆಯ ಜೀವಕ್ಕೇನೂ ಭಯವಿಲ್ಲ ಎಂಬುದು ಮಾತ್ರ ಗೊತ್ತಿತ್ತು. ನಿನ್ನೆ ಮಧ್ಯಾಹ್ನ ಸುರೇಶ ಅವರ ಫೋನಿಗೆ ಒಂದು ವಾಯ್ಸ್ ಮೆಸೇಜ್ ಬಂದಿತ್ತು. "ಸುರೇಶಾ, ನಾ ಆರಾಮ ಅದೀನಿ. ಹುಡುಕಾಕ ಹೋಗಬ್ಯಾಡ್ರಿ. ಫ್ರಿಜ್ಜಿನ್ಯಾಗ ಝುಣಕ ಐತಿ, ಬಿಸಿ ಮಾಡ್ಕೊಂಡು ತಿನ್ರಿ." ಆಮೇಲೆ ಫೋನ್ ಆಫ್.

ಬಾಗಿಲು ತೆರೆಯಿತು. ಶ್ಯಾಮ ನಿಂತಿದ್ದ, ರೋವರ್ಸ್ ತಂಡದ ಕೆಂಪು ಜರ್ಸಿಯಲ್ಲಿ. ತಮ್ಮ ತಂಡ ಸೋತು ಹೊರಬೀಳುವವರೆಗೆ ಗಡ್ಡ ತೆಗೆಯಬಾರದೆಂಬುದು ಈ ಆಟದ ಅಭಿಮಾನಿಗಳ ವ್ರತ. ಐವತ್ತು ದಾಟಿದ ಇಬ್ಬರು ಗಂಡಸರು, ಒಂದೂವರೆ ತಿಂಗಳ ನರೆಗಡ್ಡ ಬಿಟ್ಟುಕೊಂಡು, ಹೊಸ್ತಿಲ ಆಚೆ ಈಚೆ ಎದುರುಬದುರು ನಿಂತರು. ನನಗೆ ನಗು ಬಂತು. ಜೊತೆಗೆ ಬೇಸರವೂ ಆಯಿತು.

ಯಾಕೆಂದರೆ ಈ ಇಬ್ಬರೂ ತೊಂಬತ್ತೆಂಟರಲ್ಲಿ ರಾಕ್‌ವಿಲ್‌ನ ಒಂದೇ ಕೋಣೆಯಲ್ಲಿ ಇದ್ದವರು. ಇಬ್ಬರಿಗೂ ಸೇರಿ ಒಂದೇ ಚಳಿಕೋಟು ಇತ್ತಂತೆ. ಒಬ್ಬ ಆಫೀಸಿನಿಂದ ಬರುವವರೆಗೆ ಇನ್ನೊಬ್ಬ ಅಂಗಡಿಗೆ ಹೋಗುವಂತಿರಲಿಲ್ಲ. ನಮ್ಮ ಮಗಳು ನಿಧಿ ಹುಟ್ಟಿದ ದಿನ ಆಸ್ಪತ್ರೆಗೆ ಸುರೇಶ ಅವರಿಗಿಂತ ಮೊದಲು ಬಂದವನು ಶ್ಯಾಮ. ಮದುವೆಯಾಗದೆ ಉಳಿದ ಅವನಿಗೆ ನಾವೇ ಮನೆಯವರು. ಆಮೇಲೆ ಕೆಲಸ ಸಿಕ್ಕಿ ರಾಲಿಗೆ ಬಂದ. "ಊರು ಬದಲಾಯಿಸ್ದ, ಸರಿ. ತಂಡ ಯಾಕೆ ಬದಲಾಯಿಸ್ಬೇಕಿತ್ತು?" ಎಂದು ನನ್ನ ಗಂಡ ಹದಿನೈದು ವರ್ಷದಿಂದ ಕೇಳುತ್ತಲೇ ಇದ್ದಾರೆ.

ಮಂಗಳವಾರ ಆರನೆಯ ಆಟ ಮುಗಿದು ಎರಡೂ ತಂಡ ಮೂರು ಮೂರು ಗೆದ್ದು ಸಮ ಆದಾಗ ಶ್ಯಾಮ ಒಂದು ಮೆಸೇಜ್ ಕಳಿಸಿದ್ದ: "ಒಂದೇ ಒಂದು ದಿನ ಅಮ್ಮನ್ನ ನಮ್ಮ ಸೋಫಾಗೆ ಕಳಿಸೋ." ಮರುದಿನ ಬೆಳಿಗ್ಗೆ ಅಮ್ಮ ಇಲ್ಲ. ಸುರೇಶ ಅವರಿಗೆ ಇನ್ನೇನು ಸಾಕ್ಷಿ ಬೇಕು? ಸಂಜೆ ಆರರೊಳಗೆ ಅಮ್ಮ ಸಿಗದಿದ್ದರೆ ಪೊಲೀಸರಿಗೆ ಶ್ಯಾಮನ ಹೆಸರು ಕೊಡುತ್ತೇನೆ, ಅಲ್ಲಿಗೆ ಇಪ್ಪತ್ತಾರು ವರ್ಷದ ಸ್ನೇಹಕ್ಕೂ ಕೊನೆ ಎಂದು ಪ್ರತಿಜ್ಞೆ ಮಾಡಿದ್ದರು. ಅವರು ಮಾಡಿಯೇ ಮಾಡುವ ಮನುಷ್ಯ.

ಈಗ ಗಂಟೆ ನಾಲ್ಕು.

"ಎಲ್ಲೋ ನಮ್ಮಮ್ಮ?" ಎಂದರು ಸುರೇಶ.

"ಒಳಗ್ ಬಾ ಮೊದಲು," ಎಂದ ಶ್ಯಾಮ. "ಬನ್ನಿ ಅತ್ತಿಗೆ. ಇವರು...?"

"ನಾನು ನೀಲಗಂಗಾ. ರಾಕ್‌ವಿಲ್ಲಿಂದ," ಎಂದು ನನ್ನ ಹಿಂದಿದ್ದ ಆಂಟಿ ಚಪ್ಪಲಿ ಬಿಟ್ಟು ಒಳಗೆ ನಡೆದೇಬಿಟ್ಟರು. "ಫ್ರಿಜ್ ಎಲ್ಲಿದೆಯಪ್ಪಾ?"

ನಮ್ಮ ಪತ್ತೇದಾರಿಣಿಯ ಪದ್ಧತಿಯೇ ಹೀಗೆ. ಸರಕಾರಿ ಇನ್‌ಸ್ಪೆಕ್ಟರ್ ಆಗಿ ಮೂವತ್ತೊಂದು ವರ್ಷ ಮಾತ್ರೆ ಕಾರ್ಖಾನೆಗಳನ್ನು ಸುತ್ತಿ, ಸುಳ್ಳು ಹೇಳುವ ಮ್ಯಾನೇಜರುಗಳನ್ನು ಹಿಡಿದವರು. ನಿವೃತ್ತಿಯಾದ ಮೇಲೆ ಕನ್ನಡದವರ ಮನೆಗಳಲ್ಲಿ ಏನು ಕಳೆದರೂ ಇವರಿಗೇ ಫೋನ್ ಹೋಗುತ್ತದೆ. ಸುಳ್ಳು ಹೇಳುವವರು ಹಾಲ್ ಗುಡಿಸಿಟ್ಟಿರುತ್ತಾರೆ, ಫ್ರಿಜ್ ಮರೆತಿರುತ್ತಾರೆ ಎನ್ನುವುದು ಅವರ ಅನುಭವ. ಹಾಕಿಯ ಗಂಧಗಾಳಿ ಅವರಿಗಿಲ್ಲ. ನಿನ್ನೆ ಟೀವಿಯಲ್ಲಿ ಆರನೆಯ ಆಟದ ರೆಕಾರ್ಡಿಂಗ್ ತೋರಿಸಿದಾಗ, "ಇಷ್ಟು ಜನ ಹೊಡೆದಾಡ್ತಿದಾರೆ, ಯಾರೂ ಬಿಡಿಸ್ತಿಲ್ಲವಲ್ಲ?" ಎಂದು ಕೇಳಿದ್ದರು.

"ನಾನು ಕಾಫಿ ಮಾಡ್ತೀನಿ ಆಂಟಿ, ನೀವು ಕೂತ್ಕೊಳ್ಳಿ," ಎಂದೆ. ಆಂಟಿ ನನ್ನನ್ನು ಒಂದು ಕ್ಷಣ ನೋಡಿ ಸೋಫಾದಲ್ಲಿ ಕೂತರು. ನಾನು ಅಡುಗೆಮನೆಗೆ ಹೋದೆ.

ಹಾಲಿಗೆಂದು ಫ್ರಿಜ್ ತೆರೆದವಳು ಹಾಗೇ ನಿಂತುಬಿಟ್ಟೆ.

ಎರಡನೆಯ ಖಾನೆಯಲ್ಲಿ ಮೊಸರಿನ ಹಿಂದೆ ಒಂದು ಸ್ಟೀಲ್ ಡಬ್ಬಿ. ಮುಚ್ಚಳದ ಅಂಚು ಒಂದು ಕಡೆ ತಗ್ಗಾಗಿತ್ತು. ಎತ್ತಿ ತಳ ತಿರುಗಿಸಿ ನೋಡಿದೆ. ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಅಕ್ಷರ: ಸೌ. ರತ್ನಾ, ಮೈಸೂರು. ನನ್ನ ಮದುವೆಗೆ ಅಮ್ಮ ಶಿವರಾಂಪೇಟೆಯ ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕಿಸಿ ಕೊಟ್ಟ ಡಬ್ಬಿ. ಕಳೆದ ದೀಪಾವಳಿಗೆ ಬಂದಿದ್ದ ನಿಧಿಗೆ ಅದರ ತುಂಬ ಚಟ್ನಿಪುಡಿ ಹಾಕಿ ಕೊಟ್ಟಿದ್ದೆ.

ನಿಧಿ ಇದೇ ರಾಲಿಯಲ್ಲಿ ಒಂದು ಬಯೋಟೆಕ್ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಶ್ಯಾಮ್ ಅಂಕಲ್ ಮನೆಗೆ ಹೋಗಿದ್ಯಾ ಎಂದು ಕೇಳಿದಾಗಲೆಲ್ಲ, "ಇಲ್ಲ ಮಾ, ಟೈಮ್ ಇಲ್ಲ, ಲ್ಯಾಬ್ ತುಂಬಾ ಬಿಜಿ" ಎನ್ನುತ್ತಿದ್ದವಳು.

ಮುಚ್ಚಳ ತೆಗೆದೆ. ಒಳಗಿದ್ದದ್ದು ಚಟ್ನಿಪುಡಿಯಲ್ಲ, ಶೇಂಗಾ ಹೋಳಿಗೆ. ಅಂಚಿನವರೆಗೂ ಹೂರಣ ತಲುಪಿದ, ಹಪ್ಪಳದಷ್ಟು ತೆಳು ಹೋಳಿಗೆ. ಅದನ್ನು ಅಮೆರಿಕದ ಈ ಕರಾವಳಿಯಲ್ಲಿ ಮಾಡಬಲ್ಲವರು ಒಬ್ಬರೇ, ನನ್ನ ಅತ್ತೆ. ಇಪ್ಪತ್ತೈದು ವರ್ಷದಿಂದ ನನಗೆ ಬಂದಿಲ್ಲ ಎಂದು ಅವರು ಹೇಳುತ್ತಲೇ ಇರುತ್ತಾರೆ.

ಅತ್ತೆ ಇಲ್ಲಿಗೆ ಬಂದಿದ್ದರು. ಮಗಳೂ ಬಂದಿದ್ದಳು. ನನಗೆ ಮಾತ್ರ ಏನೂ ಗೊತ್ತಿಲ್ಲ. ಡಬ್ಬಿಯನ್ನು ದುಪಟ್ಟಾದ ಮರೆಯಲ್ಲಿ ಹಿಡಿದುಕೊಂಡೆ. ಪತ್ತೇದಾರಿಣಿಯ ಎದುರು ಸಾಕ್ಷಿ ಬಚ್ಚಿಡುವುದು ತಪ್ಪು, ಒಪ್ಪುತ್ತೇನೆ. ಆದರೆ ಮಗಳ ವಿಷಯ ಬಂದರೆ ನಾನು ಮೊದಲು ತಾಯಿ.

ಹಾಲ್‌ನಲ್ಲಿ ಆಗಲೇ ಜೋರು ನಡೆದಿತ್ತು.

"ಕ್ಯಾಮೆರಾಗೆ ಕುಂಕುಮ ಹಚ್ಚಿಸಿದ್ದು ನೀನೇ ಅಲ್ವಾ?" ಎನ್ನುತ್ತಿದ್ದರು ಸುರೇಶ.

"ಅದನ್ನ ಅಮ್ಮ ದಿನಾ ಹಚ್ತಾರೆ," ಎಂದರು ನೀಲಗಂಗಾ ಆಂಟಿ. ನಿಜ. ಹೊಸ್ತಿಲು ಪೂಜೆ ಮಾಡುವಾಗ ಅತ್ತೆ ಬಾಗಿಲ ಪಕ್ಕದ ಕ್ಯಾಮೆರಾದ ಕಣ್ಣಿಗೂ ಒಂದು ಬೊಟ್ಟು ಇಡುತ್ತಾರೆ. ಮನೆ ಕಾಯುವ ಕಣ್ಣಲ್ಲವೇ, ಪಾಪ, ಅದಕ್ಕೂ ಪೂಜೆ ಸಲ್ಲಬೇಕು. ಆದ್ದರಿಂದ ನಿನ್ನೆಯ ರೆಕಾರ್ಡಿಂಗ್ ಪೂರ್ತಿ ಕೆಂಪು. ಒಂದು ಕಾರು ಬಂದು ಹೋದ ಸದ್ದು ಬಿಟ್ಟರೆ ಏನೂ ಇಲ್ಲ.

"ಬಿಪಿ ಮಾತ್ರೆ ಡಬ್ಬಿಯಲ್ಲಿ ಬುಧವಾರ, ಗುರುವಾರದ ಖಾನೆ ಖಾಲಿ," ಎಂದು ಆಂಟಿ ಮುಂದುವರಿಸಿದರು. "ಶುಕ್ರವಾರದ್ದು ಹಾಗೇ ಇದೆ. ಎತ್ತಿಕೊಂಡು ಹೋದೋರು ಎರಡು ದಿನದ ಮಾತ್ರೆ ಎಣಿಸಿಕೊಂಡು ಹೋಗೋಕೆ ಬಿಡಲ್ಲ. ಆಕೆ ಮನಸ್ಸಾರೆ ಹೋಗಿದಾರೆ, ನಾಳೆ ಬರೋರಿದಾರೆ."

"ಹಾಗಾದ್ರೆ ಆ ನಿಂಬೆಹಣ್ಣು?" ಸುರೇಶ ಎದ್ದು ನಿಂತರು. "ಆಂಟಿ, ನಾನು ಬಾಯಿಬಿಟ್ಟು ಹೇಳ್ಬಾರ್ದು ಅಂತಿದ್ದೆ. ಮನೆಯಿಂದ ನಾಲ್ಕು ನಿಂಬೆಹಣ್ಣು, ತೆಂಗಿನಕಾಯಿ, ಕರ್ಪೂರ, ಸೇವಂತಿಗೆ ಹಾರ ಹೋಗಿದೆ. ಇವನು ನಮ್ಮಮ್ಮನ ಕೈಲಿ ನಮ್ಮ ಟೀಮ್‌ಗೆ ಮಾಟ ಮಾಡಿಸ್ತಿದಾನೆ!"

"ಲೋ, ನೀನು ಕ್ಲೌಡ್ ಆರ್ಕಿಟೆಕ್ಟ್ ಕಣೋ!" ಎಂದ ಶ್ಯಾಮ.

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ!"

ನಾನು ಕಾಫಿ ತಂದಿಟ್ಟೆ. ಆಂಟಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ರತ್ನಾ, ಸಕ್ಕರೆ ಹಾಕಿಲ್ಲ. ನೀನು ಸಕ್ಕರೆ ಮರೆಯೋಳಲ್ಲ. ದುಪಟ್ಟಾ ಒಳಗೆ ಏನಿದೆಯಮ್ಮಾ?"

ಮೂವತ್ತೊಂದು ವರ್ಷ ಮ್ಯಾನೇಜರುಗಳು ಯಾಕೆ ಸಿಕ್ಕಿಬೀಳುತ್ತಿದ್ದರು ಎಂದು ನನಗೆ ಆಗ ಅರ್ಥವಾಯಿತು. ಡಬ್ಬಿಯನ್ನು ಟೀಪಾಯಿಯ ಮೇಲಿಟ್ಟೆ. ಶ್ಯಾಮನ ಮುಖ ಬಿಳಿಚಿಕೊಂಡಿತು. ಸುರೇಶ ಮುಚ್ಚಳ ತೆರೆದು, ಮೂಸಿ, ಒಂದು ಚೂರು ಬಾಯಿಗೆ ಹಾಕಿಕೊಂಡರು.

"ಅಮ್ಮನ ಹೋಳಿಗೆ," ಎಂದರು. ಆಮೇಲೆ ಅವರ ದನಿ ಏರಿತು. "ಅಮ್ಮನ ಹೋಳಿಗೆ! ಕಳ್ಳ! ಎದುರಿಗೆ ನಿಂತ್ಕೊಂಡು ಸುಳ್ಳು ಹೇಳ್ತೀಯಲ್ಲೋ!"

"ನಾನು ಸುಳ್ಳು ಹೇಳಿಲ್ಲ. ಅಮ್ಮ ಇಲ್ಲ ಅಂತ ನಾನು ಯಾವಾಗ ಹೇಳ್ದೆ? ಒಳಗ್ ಬಾ ಅಂದೆ ಅಷ್ಟೇ."

"ಹಾಗಾದ್ರೆ ಎಲ್ಲಿದಾರೆ ಹೇಳು."

ಶ್ಯಾಮ ನನ್ನ ಕಡೆ ನೋಡಿದ. ಮತ್ತೆ ನೆಲ ನೋಡಿದ. "ಹೇಳಕ್ಕಾಗಲ್ಲ ಕಣೋ. ಮಾತು ಕೊಟ್ಟಿದೀನಿ. ಇವತ್ತೊಂದಿನ ತಡ್ಕೋ. ನಾಳೆ ನೀನು ಏನು ಬೇಕಾದ್ರೂ ಬೈಕೋ."

"ಯಾರಿಗೆ ಕೊಟ್ಟಿದೀಯಾ ಮಾತು?"

"ಅದನ್ನೂ ಹೇಳಕ್ಕಾಗಲ್ಲ."

ಸುರೇಶ ಜೇಬಿನಿಂದ ಫೋನ್ ತೆಗೆದರು. "ಶ್ಯಾಮ, ನಾನು ಪೊಲೀಸ್‌ಗೆ ಫೋನ್ ಮಾಡ್ತೀನಿ. ತಮಾಷೆ ಅಲ್ಲ. ಮಾಡಿದ್ರೆ ಮುಗೀತು. ಮತ್ತೆ ನೀನು ನಂಗೆ ಯಾರೂ ಅಲ್ಲ."

"ಮಾಡು," ಎಂದ ಶ್ಯಾಮ. ಅವನ ಕಣ್ಣಲ್ಲಿ ನೀರಿತ್ತು. ಆದರೂ ಮಾತು ಮುರಿಯಲಿಲ್ಲ. ನನಗೆ ಅವನ ಮೇಲೆ ಕೋಪ ಬರಬೇಕಿತ್ತು. ಬರಲಿಲ್ಲ.

"ತಡೀಪ್ಪಾ ಸುರೇಶ," ಎಂದರು ಆಂಟಿ. "ಪೊಲೀಸ್ ಎಲ್ಲಿಗೂ ಓಡಿ ಹೋಗಲ್ಲ. ನಿಂಬೆಹಣ್ಣು ಎಷ್ಟಂದೆ?"

"ನಾಲ್ಕು."

"ಮನೆಯಲ್ಲಿ ಎಷ್ಟಿತ್ತು ರತ್ನಾ?"

"ಐದು ಆಂಟಿ. ಚಿತ್ರಾನ್ನಕ್ಕೆ ಅಂತ ತಂದಿದ್ದೆ. ಒಂದು ಬಿಟ್ಟು ಹೋಗಿದಾರೆ."

"ಐದಿದ್ರೂ ನಾಲ್ಕೇ ತಗೊಂಡ್ರು. ಲೆಕ್ಕ ಹಾಕಿ ತಗೊಂಡಿದಾರೆ." ಆಂಟಿ ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿದರು. "ಕಾಯಿ, ಕರ್ಪೂರ, ಹಾರ, ನಾಲ್ಕು ನಿಂಬೆಹಣ್ಣು. ಸುರೇಶ, ನೀನು ಹೊಸ ಕಾರ್ ತಗೊಂಡಾಗ ಶೋರೂಮ್ ಎದುರಿಗೆ ಏನು ಮಾಡಿದೆ?"

"ಪೂಜೆ ಮಾಡಿಸ್ದೆ." ಸುರೇಶ ತಡವರಿಸಿದರು. "ಚಕ್ರದ ಕೆಳಗೆ... ನಾಲ್ಕು..."

"ಗಾಡಿ ಪೂಜೆ. ಯಾರೋ ಒಬ್ಬರು ಇವತ್ತು ಒಂದು ಗಾಡಿ ಓಡಿಸೋರಿದಾರೆ. ಆಕೆಗೆ ಬೇಕಾದೋರು. ಹೋಳಿಗೆ ಮಾಡಿಕೊಡೋಷ್ಟು ಬೇಕಾದೋರು." ಆಂಟಿ ಬಾಗಿಲ ಕಡೆ ಬೆರಳು ಮಾಡಿದರು. "ಅಲ್ಲಿ ಚಪ್ಪಲಿ ಸ್ಟ್ಯಾಂಡಲ್ಲಿ ಹೆಂಗಸರ ಬೂಟು ಒಂದು ಜೊತೆ ಇದೆ. ಅಡಿಯಲ್ಲಿ ಮೊಳೆ ಮೊಳೆ ಇದೆ, ಐಸ್ ಮೇಲೆ ಜಾರದ ಹಾಗೆ. ಶ್ಯಾಮ್, ನೀವು ಒಂಟಿ ಇರೋರು. ನಿಮ್ಮ ಪಾದ ಅದರ ಎರಡರಷ್ಟಿದೆ."

ನಾನು ಎದ್ದು ಹೋಗಿ ನೋಡಿದೆ. ಬೂಟಿನೊಳಗೆ ತುರುಕಿದ್ದು ಹಳದಿ ಉಲ್ಲನ್ನಿನ ಕಾಲುಚೀಲ. "ನಮ್ಮ ಲ್ಯಾಬ್ ತುಂಬಾ ಚಳಿ ಮಾ" ಎಂದು ನಿಧಿ ಹೇಳಿದ್ದಕ್ಕೆ ಅತ್ತೆ ಹೆಣೆದದ್ದು, ನಾನು ಪೋಸ್ಟ್ ಮಾಡಿದ್ದು. ಅಲ್ಲೇ ಗೋಡೆಗೆ ಒರಗಿದೆ.

"ನಂಗೆ ಆಟ ಗೊತ್ತಿಲ್ಲ, ಅದಕ್ಕೇ ಕೇಳ್ತೀನಿ," ಎಂದರು ಆಂಟಿ. "ಆ ಐಸ್ ಮೇಲೆ ಗಾಡಿ ಏನಾದ್ರೂ ಓಡತ್ತಾ?"

ಅಭಿಮಾನಿಗಳ ಹಣೆಬರಹ ನೋಡಿ. ಒಂದು ನಿಮಿಷದ ಹಿಂದೆ ಪೊಲೀಸ್, ಸ್ನೇಹಕ್ಕೆ ಕೊನೆ ಎನ್ನುತ್ತಿದ್ದ ಇಬ್ಬರೂ ಈ ಪ್ರಶ್ನೆ ಕೇಳಿದ್ದೇ ತಡ ಒಟ್ಟಿಗೆ ಬಾಯಿ ತೆರೆದರು.

"ಓಡತ್ತೆ ಆಂಟಿ! ಐಸ್ ಮಷೀನ್ ಅಂತ, ಟ್ರ್ಯಾಕ್ಟರ್ ಥರ ಇರತ್ತೆ—"

"—ಆಟಗಾರರು ಸ್ಕೇಟ್ ಮಾಡಿ ಮಾಡಿ ಐಸ್ ಎಲ್ಲಾ ಗೀರಿಹೋಗಿರತ್ತಲ್ಲ—"

"—ಮೇಲಿನ ಪದರ ಕೆರೆದು, ಬಿಸಿನೀರು ಹರಡ್ಕೊಂಡು—"

"—ಬಿಸಿನೀರೇ ಹಾಕ್ಬೇಕು, ಅದರಲ್ಲೇ ಮಜಾ ಇರೋದು—"

"—ಡ್ರೈವರ್ ಒಳ್ಳೆಯೋರಾದ್ರೆ ಕನ್ನಡಿ ಥರ ಮಾಡಿಬಿಡ್ತಾರೆ! ನಮ್ಮ ನಿಧಿಗೆ ಚಿಕ್ಕೋಳಿದ್ದಾಗ ಆಟಕ್ಕಿಂತ ಅದನ್ನ ನೋಡೋದೇ—"

ಸುರೇಶ ಅಲ್ಲಿಗೆ ನಿಂತರು. ಅರ್ಧ ಎತ್ತಿದ್ದ ಕೈ ಹಾಗೇ ಉಳಿಯಿತು.

ಶ್ಯಾಮ ನಿಧಾನಕ್ಕೆ ಕೂತ. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ.

"ಎಂಟು ತಿಂಗಳಾಯ್ತು," ಎಂದ. "ಲ್ಯಾಬ್ ಬಿಟ್ಟು. ರೋವರ್ಸ್ ಅರೀನಾದಲ್ಲಿ ಮಷೀನ್ ಓಡಿಸ್ತಾಳೆ. ತುಂಬಾ ಚೆನ್ನಾಗಿ ಓಡಿಸ್ತಾಳೆ ಕಣೋ. ಇಷ್ಟು ದಿನ ಪ್ರಾಕ್ಟೀಸ್ ದಿನಗಳಲ್ಲಿ ಮಾತ್ರ. ಇವತ್ತು ಮೊದಲ ಸಲ ದೊಡ್ಡ ಆಟಕ್ಕೆ ಅವಳಿಗೆ ಕೊಟ್ಟಿದಾರೆ. ಅಜ್ಜಿಗೆ ಫೋನ್ ಮಾಡಿ ಹೇಳಿದ್ಲು. ಅಮ್ಮ ಏನಂದ್ರು ಗೊತ್ತಾ? 'ಪೂಜಿ ಮಾಡಲಾರ್ದ ಗಾಡಿ ಹತ್ತಬ್ಯಾಡ ತಂಗಿ, ನಾ ಬರ್ತೀನಿ ತಡಿ.' ನಿನ್ನೆ ಬೆಳಿಗ್ಗೆ ಅವಳೇ ಬಂದು ಕರ್ಕೊಂಡು ಬಂದ್ಲು."

"ನಮ್ಮ ಶತ್ರು ಟೀಮಿಗೆ," ಎಂದರು ಸುರೇಶ. ದನಿಯಲ್ಲಿ ಜೀವವಿರಲಿಲ್ಲ.

"ಅದಕ್ಕೇ ಹೆದರಿದ್ಲು. ಮ್ಯಾಚ್ ಮುಗಿಯೋವರೆಗೂ ಅಪ್ಪಂಗೆ ಹೇಳ್ಬೇಡಿ ಅಂಕಲ್, ಅವರ ಸಂಜೆ ಹಾಳಾಗತ್ತೆ ಅಂದ್ಲು."

"ಸರಿ, ಅವರಿಗೆ ಹೇಳಲಿಲ್ಲ. ನಂಗ್ಯಾಕೆ ಹೇಳಲಿಲ್ಲ?" ಎಂದೆ. ಅಳಬಾರದೆಂದುಕೊಂಡಿದ್ದೆ. ಆಗಲಿಲ್ಲ. "ನಾನೇನು ಯಾವ ಟೀಮಿನೋಳೂ ಅಲ್ಲವಲ್ಲ ಶ್ಯಾಮ್?"

ಶ್ಯಾಮ ಹೇಳಿದ. "ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ. ಯುಗಾದಿಗೆ, ಸಂಕ್ರಾಂತಿಗೆ, ಕನ್ನಡ ಸಂಘದಲ್ಲಿ ಸಿಕ್ಕಿದೋರಿಗೆಲ್ಲ ನಮ್ಮ ಮಗಳು ಸೈಂಟಿಸ್ಟ್ ಅಂತ ಹೇಳ್ತೀರಲ್ಲ, ಅವಳು ಪಕ್ಕದಲ್ಲೇ ನಿಂತಿರ್ತಿದ್ಲು."

ಹೇಳುತ್ತಿದ್ದೆ. ನಿಜ. ಒಂದು ಸಲ ವೇದಿಕೆಯ ಮೈಕಿನಲ್ಲೂ ಹೇಳಿದ್ದೆ.

ಸುರೇಶ ಫೋನನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಒಂದು ಹೋಳಿಗೆ ತೆಗೆದು, ಎರಡು ಭಾಗ ಮಾಡಿ, ಅರ್ಧವನ್ನು ಶ್ಯಾಮನ ಕಡೆ ಚಾಚಿದರು. ಮುಖ ನೋಡಲಿಲ್ಲ. ಶ್ಯಾಮ ತೆಗೆದುಕೊಂಡ. ಅವನೂ ಮುಖ ನೋಡಲಿಲ್ಲ. ಇಬ್ಬರ ಗಡ್ಡಕ್ಕೂ ಹೂರಣ ಅಂಟಿತು.

"ಚೆನ್ನಾಗಿ ಓಡಿಸ್ತಾಳಾ?" ಎಂದು ಕೇಳಿದರು ಸುರೇಶ.

"ಮೂಲೆ ತಿರುಗಿಸೋದು ನೋಡ್ಬೇಕು ನೀನು. ಒಂದು ಗೆರೆ ಬಿಡಲ್ಲ."

ಸದ್ಯ, ಒಂದು ಸ್ನೇಹ ಉಳಿಯಿತು ಎಂದು ನಾನು ಮೂಗು ಒರೆಸಿಕೊಂಡೆ. ನೀಲಗಂಗಾ ಆಂಟಿ ತಮ್ಮ ಕಾಫಿಗೆ ಸಕ್ಕರೆ ತರಲು ಎದ್ದರು. ಐದೂ ಹತ್ತಾಗಿತ್ತು. ಶ್ಯಾಮನ ಫೋನ್ ಹೊಡೆದುಕೊಂಡಿತು.

ಹೋಳಿಗೆಯ ತುಪ್ಪ ಮೆತ್ತಿದ ಬೆರಳಿನಿಂದ ಒತ್ತಿದ್ದಕ್ಕೋ ಏನೋ, ಸ್ಪೀಕರ್ ಆನ್ ಆಯಿತು.

"ಅಂಕಲ್! ಶ್ಯಾಮ್ ಅಂಕಲ್!" ನಮ್ಮ ನಿಧಿಯ ದನಿ. ಉಸಿರು ಸಿಗುತ್ತಿರಲಿಲ್ಲ. "ಅಜ್ಜಿ ಈಸ್ ಗಾನ್! ಅಜ್ಜಿ ಇಲ್ಲ!"

ನಾವು ನಾಲ್ವರೂ ಫೋನಿನ ಸುತ್ತ ಬಗ್ಗಿದೆವು.

"ಇಲ್ಲ ಅಂದ್ರೆ? ನಿನ್ನ ಜೊತೆ ಇದ್ರಲ್ಲಮ್ಮಾ?" ಎಂದ ಶ್ಯಾಮ.

"ಪೂಜಾ ಆಯ್ತು ಅಂಕಲ್. ಲೆಮನ್ಸ್ ಎಲ್ಲಾ ಇಟ್ಟಾಯ್ತು. ಆಮೇಲೆ ನಮ್ಮ ಗೋಲ್‌ಕೀಪರ್ ಬಂದ. ಅವನಿಗೆ ಸೂಪರ್‌ಸ್ಟಿಷನ್ ಜಾಸ್ತಿ. ನನ್ನ ಮಾಸ್ಕ್‌ಗೂ ಡಾಟ್ ಇಡು ಅಂದ. ಅಜ್ಜಿ ಇಟ್ರು. ಅವನು ಬಗ್ಗಿ ಅವರ ಕಾಲು ಕೂಡ ಮುಟ್ಟಿದ. ನಾನು ಬಿಸಿನೀರು ತುಂಬಕ್ಕೆ ಹೋದೆ, ಜಸ್ಟ್ ಫೈವ್ ಮಿನಿಟ್ಸ್! ವಾಪಸ್ ಬಂದ್ರೆ ಅಜ್ಜಿ ಇಲ್ಲ, ಅವನೂ ಇಲ್ಲ. ಮಾಸ್ಕ್ ಮಾತ್ರ ಮಷೀನ್ ಸೀಟ್ ಮೇಲಿದೆ."

"ಯಾರು ಇಲ್ಲ?" ಶ್ಯಾಮನ ದನಿ ಕೀರಲಾಯಿತು. "ಗೋಲ್‌ಕೀಪರಾ? ನಮ್ಮ ಗೋಲ್‌ಕೀಪರಾ?"

"ಯೆಸ್! ಹಾಫ್ ಅವರ್ ಆಯ್ತು. ಕೋಚ್ ಎಲ್ಲಾ ಕಡೆ ಹುಡುಕ್ತಿದಾರೆ. ಬ್ಯಾಕ್ ಗೇಟಲ್ಲಿ ಸೆಕ್ಯೂರಿಟಿ ನೋಡಿದಾನೆ, ಇಬ್ಬರೂ ಒಂದು ಕಾರಲ್ಲಿ ಹೋದ್ರು ಅಂತೆ. ಅಜ್ಜಿ ಮುಂದಿನ ಸೀಟಲ್ಲಿ. ಕಾರಿಗೆ ನಮ್ಮ ವರ್ಜೀನಿಯಾ ನಂಬರ್ ಪ್ಲೇಟ್ ಇತ್ತಂತೆ." ಅವಳು ಬಿಕ್ಕಿದಳು. "ಪ್ಲೀಸ್ ಅಂಕಲ್, ಅಪ್ಪಂಗೆ ಹೇಳ್ಬೇಡಿ."

ಆಗ ಸುರೇಶ ಫೋನಿನ ಕಡೆ ವಾಲಿದರು. ಎಂಟು ತಿಂಗಳ ಸುಳ್ಳು ಬಯಲಾದ ಮೇಲೆ ಅಪ್ಪ ಮಗಳಿಗೆ ಆಡುವ ಮೊದಲ ಮಾತು. ಹೆತ್ತ ತಾಯಿ ಎರಡನೆಯ ಸಲ ಕಾಣೆಯಾದಾಗ ಮಗ ಆಡುವ ಮೊದಲ ಮಾತು. ನಾನು ಉಸಿರು ಹಿಡಿದೆ.

"ಬದಲಿ ಗೋಲ್‌ಕೀಪರ್ ಯಾರು?" ಎಂದರು.

ಆ ಕಡೆ ನಿಧಿ "ಅಪ್ಪಾ?" ಎಂದು ಚೀರಿದ್ದು ಕೇಳಿಸಿತು. ಫೋನ್ ಕಟ್ಟಾಯಿತು.

"ಅಲ್ಲ, ಸುಮ್ನೆ ಕೇಳ್ದೆ," ಎಂದರು ಸುರೇಶ.

ಶ್ಯಾಮ ಕೈಯಲ್ಲಿದ್ದ ಹೋಳಿಗೆಯ ಚೂರನ್ನು ಡಬ್ಬಿಗೆ ವಾಪಸ್ ಹಾಕಿದ. ಎದ್ದು ನಿಂತ.

"ಸುರೇಶ," ಎಂದ. ಇಷ್ಟು ವರ್ಷದಲ್ಲಿ ಅವನು 'ಲೋ' ಇಲ್ಲದೆ ನನ್ನ ಗಂಡನನ್ನು ಕರೆದದ್ದನ್ನು ನಾನು ಕೇಳಿಯೇ ಇರಲಿಲ್ಲ. "ನನ್ನ ಕಣ್ಣು ನೋಡ್ಕೊಂಡು ಹೇಳು. ಅಮ್ಮ ರಾಲಿಗೆ ಬಂದಿರೋದು ನಿಂಗೆ ಯಾವಾಗ ಗೊತ್ತಾಯ್ತು?"

"ನಿಂಗೆ ತಲೆ ಕೆಟ್ಟಿದೆಯಾ? ಈಗ ಗೊತ್ತಾಯ್ತು! ನಿನ್ನ ಎದುರಿಗೇ! ರತ್ನಾ, ಹೇಳೇ ಇವನಿಗೆ!"

ನೀಲಗಂಗಾ ಆಂಟಿ ಸಕ್ಕರೆ ಡಬ್ಬ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಕಾರ್ಖಾನೆಯ ಮ್ಯಾನೇಜರುಗಳನ್ನು ನೋಡುತ್ತಿದ್ದ ಕಣ್ಣಿನಲ್ಲಿ ಅವರು ಮೊದಲ ಬಾರಿಗೆ ನನ್ನ ಗಂಡನನ್ನು ನೋಡುತ್ತಿದ್ದರು. ಆಮೇಲೆ ಆ ಕಣ್ಣು ನನ್ನ ಕಡೆ ತಿರುಗಿತು.

ನನ್ನ ಗಂಡ ಅಂಥವರಲ್ಲ ಎಂದು ಹೇಳಲು ಬಾಯಿ ತೆರೆದೆ. ಇಪ್ಪತ್ತೈದು ವರ್ಷ ಒಂದೇ ಮನೆಯಲ್ಲಿದ್ದವಳು ನಾನು. ಏಳನೆಯ ಆಟ ಗೆಲ್ಲಲು ಇವರು ಏನು ಮಾಡುತ್ತಾರೆ, ಏನು ಮಾಡುವುದಿಲ್ಲ ಎಂಬುದು ನನಗಲ್ಲದೆ ಇನ್ಯಾರಿಗೆ ಗೊತ್ತು?

ಬಾಯಿಂದ ಒಂದು ಮಾತೂ ಹೊರಡಲಿಲ್ಲ.